ಮ್ಯಾನೇಜರನು ಹೋಗಬೇಕೆ? — ಮ್ಯಾಂಚೆಸ್ಟರಿನ ಒಂದು ಹಳೆಯ ವಾದ

ಕಾಲ್ಚೆಂಡಾಟದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಗೆದ್ದವರ ಚರಿತ್ರೆಯನ್ನೇ ಬರೆದಿದ್ದಾರೆ. ಯಾವ ವರ್ಷ ಯಾರಿಗೆ ಕಪ್ಪು ದೊರೆಯಿತು, ಅಂತಿಮ ಪಂದ್ಯದಲ್ಲಿ ಎಷ್ಟು ಗೋಲುಗಳಾದುವು, ಯಾರ ಕಾಲಿನಿಂದಾದುವು ಎಂಬುದೆಲ್ಲ ಅಚ್ಚಾಗಿ ಉಳಿದಿದೆ. ಸೋಲುತ್ತಿರುವ ತಂಡವನ್ನು ಮಳೆಯಲ್ಲಿ ನೆನೆಯುತ್ತ ನೋಡಿ, ಮನೆಗೆ ಹಿಂದಿರುಗುವ ದಾರಿಯಲ್ಲಿ "ಇವನನ್ನು ಇಳಿಸದೆ ಗತಿಯಿಲ್ಲ" ಎಂದು ಒಬ್ಬನೂ "ಇನ್ನೊಂದು ವರ್ಷ ನೋಡೋಣ" ಎಂದು ಮತ್ತೊಬ್ಬನೂ ಮಾಡಿದ ವಾದ ಮಾತ್ರ ಗಾಳಿಗೆ ಹೋಗಿದೆ. ವರ್ಷಕ್ಕೊಂದೆರಡು ಗೆಲವು ಕಂಡು, ಉಳಿದ ವಾರಗಳನ್ನೆಲ್ಲ ಈ ವಾದದಲ್ಲೇ ಕಳೆಯುವ ಲಕ್ಷಾಂತರ ಅಭಿಮಾನಿಗಳಿಗೆ ಕಾಲ್ಚೆಂಡೆಂದರೆ ಇದೇ. ಆದುದರಿಂದ ಒಂದೇ ಊರಿನ ಒಂದೇ ಮೈದಾನದಲ್ಲಿ, 59 ವರ್ಷಗಳ ಅಂತರದಲ್ಲಿ, ಎರಡು ಬಾರಿ ಈ ವಾದವೆದ್ದ ಬಗೆಯನ್ನು ವಾಚಕರ ಮುಂದಿಡಲು ಯತ್ನಿಸುತ್ತೇವೆ. ಊರು ಇಂಗ್ಲೆಂಡಿನ ಮ್ಯಾಂಚೆಸ್ಟರ್. ಮೈದಾನ ಓಲ್ಡ್ ಟ್ರಾಫರ್ಡ್. ಕ್ಲಬ್ಬು ಮ್ಯಾಂಚೆಸ್ಟರ್ ಯುನೈಟೆಡ್.

ಕಾಸರಗೋಡಿನಿಂದ ತೆಂಕಣಕ್ಕೆ ಮಲಬಾರಿನುದ್ದಕ್ಕೂ ಏಳೇಳು ಮಂದಿಯ ಆಟವನ್ನು ನೋಡಿ ಬೆಳೆದ ನಮ್ಮವರಿಗೆ ಕಾಲ್ಚೆಂಡಿನ ನಿಯಮಗಳನ್ನು ಹೇಳಬೇಕಾಗಿಲ್ಲ. ಆದರೆ ಮ್ಯಾನೇಜರ್ ಎಂಬ ಪದದ ವಿಷಯದಲ್ಲಿ ಒಂದೆರಡು ಮಾತು ಅವಶ್ಯ. ಆ ಪದ ಕಿವಿಗೆ ಬಿದ್ದೊಡನೆ ಬೇಂಕಿನ ಮ್ಯಾನೇಜರನೋ ಕಾಫಿ ತೋಟದ ಮ್ಯಾನೇಜರನೋ ನಮ್ಮ ಕಣ್ಣಮುಂದೆ ನಿಲ್ಲುತ್ತಾನೆ. ಇಂಗ್ಲೆಂಡಿನ ಕಾಲ್ಚೆಂಡಿನಲ್ಲಿ ಅದರ ತೂಕ ಬೇರೆ. ಯಾರು ಆಡಬೇಕು, ಯಾರು ಹೊರಗೆ ಕುಳಿತಿರಬೇಕು, ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು, ವಾರದ ನಡುವೆ ಎಂತಹ ಅಭ್ಯಾಸ, ಶನಿವಾರ ಎಂತಹ ವ್ಯೂಹ, ಎಲ್ಲವೂ ಅವನದು. ಯಕ್ಷಗಾನದ ರಂಗಸ್ಥಳದಲ್ಲಿ ಭಾಗವತನು ಹೆಜ್ಜೆ ಹಾಕುವುದಿಲ್ಲ. ಆದರೂ ಹೆಜ್ಜೆಗಳೆಲ್ಲ ಅವನ ತಾಳದೊಳಗೆ ಇರಬೇಕು. ಆಟ ಕಳೆಗುಂದಿದರೆ ಮೊದಲ ದೂರು ಅವನ ಮೇಲೆಯೆ. ಮ್ಯಾನೇಜರನ ಪಾಡೂ ಹೆಚ್ಚುಕಡಿಮೆ ಹಾಗೆಯೇ. ಭಾಗವತನ ದನಿಯಾದರೂ ಸಭೆಗೆ ಕೇಳುತ್ತದೆ. ಗೆರೆಯ ಹೊರಗೆ ನಿಂತು ಮ್ಯಾನೇಜರನು ಕೂಗಿದ್ದು ಅವನ ಆಟಗಾರನಿಗೇ ಕೇಳಿಸುವುದು ಸಂದೇಹ.

ಈ ಹುದ್ದೆ ಆಟದೊಂದಿಗೇ ಹುಟ್ಟಿದುದಲ್ಲ. 1878ರಲ್ಲಿ ಲ್ಯಾಂಕಶೈರ್ ಮತ್ತು ಯಾರ್ಕ್‌ಶೈರ್ ರೈಲ್ವೆಯ ಕಾರ್ಖಾನೆಯ ಕೆಲಸಗಾರರು ನ್ಯೂಟನ್ ಹೀತ್ ಎಂಬ ಹೆಸರಿನಿಂದ ಕ್ಲಬ್ಬನ್ನು ಆರಂಭಿಸಿದಾಗ ಅಲ್ಲಿ ಮ್ಯಾನೇಜರನಿರಲಿಲ್ಲ. ಅದು ದಿವಾಳಿಯ ಅಂಚಿಗೆ ಬಂದು, ಬಿಯರ್ ತಯಾರಿಕೆಯ ಧನಿಕನೊಬ್ಬನ ನೆರವಿನಿಂದ 1902ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಹೊಸ ಹೆಸರನ್ನು ಪಡೆದ ಮೇಲೆಯೂ ಕಾಗದಪತ್ರ ನೋಡುವ ಕಾರ್ಯದರ್ಶಿಯೇ ತಂಡದ ಮೇಲ್ವಿಚಾರಣೆಯನ್ನೂ ಹೊತ್ತಿದ್ದನು. ಡೈರೆಕ್ಟರರ ಕೈ ಎಲ್ಲದರಲ್ಲಿಯೂ ಇರುತ್ತಿತ್ತು. ಅರ್ನೆಸ್ಟ್ ಮ್ಯಾಂಗ್ನಲ್ ಎಂಬ ಅಂತಹ ಕಾರ್ಯದರ್ಶಿಯ ಕಾಲದಲ್ಲಿ ಕ್ಲಬ್ಬು 1908ರಲ್ಲಿಯೂ 1911ರಲ್ಲಿಯೂ ಲೀಗನ್ನು, 1909ರಲ್ಲಿ ಎಫ್.ಎ. ಕಪ್ಪನ್ನು ಗೆದ್ದಿತು.

ಆ 1909ರ ಕಪ್ಪಿನ ಹಿಂದೆ ಒಂದು ಕತೆಯುಂಟು. ಬರ್ನ್‌ಲಿ ಊರಿನಲ್ಲಿ ನಡೆದ ಎಂಟರ ಘಟ್ಟದ ಪಂದ್ಯದಲ್ಲಿ ಯುನೈಟೆಡ್ ಒಂದು ಗೋಲಿನಿಂದ ಹಿಂದಿತ್ತು. ಮುಗಿಯಲು ಇನ್ನು 18 ನಿಮಿಷಗಳಿವೆ ಎನ್ನುವಾಗ ಹಿಮ ಸುರಿಯುವುದು ವಿಪರೀತವಾಗಿ ರೆಫರಿಯು ಆಟವನ್ನು ನಿಲ್ಲಿಸಿದನು. ಮತ್ತೆ ಆಡಿದಾಗ ಯುನೈಟೆಡ್ 3-2ರಿಂದ ಗೆದ್ದು, ಮುಂದೆ ಕಪ್ಪನ್ನೇ ಮನೆಗೆ ತಂದಿತು. ಆ ರೆಫರಿಯ ಹೆಸರು ಹರ್ಬರ್ಟ್ ಬಾಮ್ಲೆಟ್. 1914ರಲ್ಲಿ ದೊರೆ ಐದನೆಯ ಜಾರ್ಜನ ಸಮ್ಮುಖದಲ್ಲಿ ನಡೆದ ಎಫ್.ಎ. ಕಪ್ಪಿನ ಅಂತಿಮ ಪಂದ್ಯಕ್ಕೂ ಅವನೇ ರೆಫರಿ. ತರುವಾಯ ಸೀಟಿಯನ್ನು ಕೆಳಗಿಟ್ಟು ಮ್ಯಾನೇಜರನಾದನು; 1927ರಲ್ಲಿ ಓಲ್ಡ್ ಟ್ರಾಫರ್ಡಿಗೆ ಬಂದನು. ಒಂದು ಕಾಲಕ್ಕೆ ಯಾವ ಕ್ಲಬ್ಬನ್ನು ಸೋಲಿನಿಂದ ತಪ್ಪಿಸಿದನೋ ಅದೇ ಕ್ಲಬ್ಬಿನ ಅಭಿಮಾನಿಗಳು ಅವನನ್ನು ಇಳಿಸಿರೆಂದು ಸಭೆ ಸೇರುವ ದಿನ ಅವನಿಗೆ ಕಾದಿತ್ತು.

1930-31ರ ಋತುವನ್ನು ಯುನೈಟೆಡ್ ಸೋಲಿನಿಂದ ಆರಂಭಿಸಿತು. ಎರಡನೆಯ ಪಂದ್ಯದಲ್ಲಿಯೂ ಸೋಲು, ಮೂರನೆಯದರಲ್ಲಿಯೂ ಸೋಲು. ಸೆಪ್ಟೆಂಬರ್ 10ರಂದು ಹ್ಯೂಡರ್ಸ್‌ಫೀಲ್ಡ್ ತಂಡವು ಓಲ್ಡ್ ಟ್ರಾಫರ್ಡಿಗೇ ಬಂದು ಆರು ಗೋಲುಗಳನ್ನು ಹೊಡೆದು ಒಂದನ್ನೂ ಕೊಡದೆ ಹೋಯಿತು. ಮೂರು ದಿನ ಕಳೆದು ನ್ಯೂಕಾಸ್ಲ್ ತಂಡವು ಏಳು ಹೊಡೆಯಿತು. ಆ ದಿನ ಯುನೈಟೆಡ್ ನಾಲ್ಕು ಗೋಲು ಹಾಕಿಯೂ ಸೋತಿತೆಂದರೆ ರಕ್ಷಣೆಯ ಅವಸ್ಥೆ ಹೇಗಿತ್ತೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಹೀಗೆ ಒಂದಾದ ಮೇಲೊಂದರಂತೆ ಲೀಗಿನ ಮೊದಲ ಹನ್ನೆರಡು ಪಂದ್ಯಗಳಲ್ಲಿಯೂ ಸೋಲೇ.

ಅಭಿಮಾನಿಗಳ ಸಂಘವೊಂದು ಆಗ ಇತ್ತು. ಅದರ ಕಾರ್ಯದರ್ಶಿ ಜಾರ್ಜ್ ಗ್ರೀನ್‌ಹಫ್. ಸಂಘವು ಕ್ಲಬ್ಬಿನ ಮುಂದೆ ಐದು ಬೇಡಿಕೆಗಳನ್ನಿಟ್ಟಿತು. ಹೊಸ ಮ್ಯಾನೇಜರ್ ಬೇಕು. ಹೊಸ ಪ್ರತಿಭೆಗಳನ್ನು ಹುಡುಕುವ ವ್ಯವಸ್ಥೆ ಸುಧಾರಿಸಬೇಕು. ಹೊಸ ಆಟಗಾರರನ್ನು ತರಬೇಕು. ಪಾಲುದಾರರಿಂದ ಚುನಾಯಿತರಾದ ಐವರು ಹೊಸ ಡೈರೆಕ್ಟರರು ಮಂಡಲಿಯಲ್ಲಿರಬೇಕು. ಹೊಸ ಪಾಲುಗಳನ್ನು ಹೊರಡಿಸಿ ಬಂಡವಾಳ ಕೂಡಿಸಬೇಕು. ಈ ಪಟ್ಟಿಯನ್ನು ನಾವು ಮತ್ತೆ ಮತ್ತೆ ಓದಿದ್ದೇವೆ. ಸೋತು ಕಂಗೆಟ್ಟ ಜನ ಬರೆದ ಪಟ್ಟಿ ಇದೆಂದು ಅನಿಸುವುದಿಲ್ಲ. ಮ್ಯಾನೇಜರನ ಹೆಸರೇನೋ ಇದೆ. ಆದರೆ ಅವನ ಕೈಗೆ ಹಣ ಕೊಡದವರು ಯಾರು, ಆಟಗಾರರನ್ನು ಹುಡುಕಲು ಮನುಷ್ಯರನ್ನಿಡದವರು ಯಾರು, ಅವರನ್ನು ಪ್ರಶ್ನಿಸುವ ಅಧಿಕಾರ ಯಾರದು, ಎಂಬಷ್ಟು ದೂರಕ್ಕೂ ದೃಷ್ಟಿ ಹರಿದಿದೆ.

ಡೈರೆಕ್ಟರರು ಒಂದನ್ನೂ ಒಪ್ಪಲಿಲ್ಲ. 1930ರ ಅಕ್ಟೋಬರ್ 17ರ ರಾತ್ರಿ ಹ್ಯೂಮ್ ಪುರಭವನದಲ್ಲಿ ಮೂರು ಸಾವಿರಕ್ಕೂ ಮಿಕ್ಕಿದ ಅಭಿಮಾನಿಗಳು ಸೇರಿದರು. ಮರುದಿನ ಅರ್ಸೆನಲ್ ವಿರುದ್ಧ ನಡೆಯುವ ಪಂದ್ಯವನ್ನು ಬಹಿಷ್ಕರಿಸಬೇಕೆಂದು ತೀರ್ಮಾನವಾಯಿತು. ಬಹಿಷ್ಕಾರವೆಂಬ ಶಬ್ದಕ್ಕೆ ಆ ವರ್ಷ ಲ್ಯಾಂಕಶೈರಿನಲ್ಲಿ ಬೇರೆಯೇ ಕಹಿಯಿತ್ತು ಎಂಬುದನ್ನು ಇಲ್ಲಿ ಸ್ಮರಿಸಬೇಕು. ಅದು ಉಪ್ಪಿನ ಸತ್ಯಾಗ್ರಹದ ವರ್ಷ. ನಮ್ಮವರು ವಿದೇಶೀ ಬಟ್ಟೆಯನ್ನು ತೊರೆದುದರ ಪೆಟ್ಟು, ಲೋಕವ್ಯಾಪಿಯಾದ ಆರ್ಥಿಕ ಮುಗ್ಗಟ್ಟಿನೊಂದಿಗೆ ಸೇರಿ, ಆ ಪ್ರಾಂತದ ಗಿರಣಿಗಳಿಗೆ ತಾಗಿತ್ತು. ಮರುವರ್ಷ ಸೆಪ್ಟೆಂಬರಿನಲ್ಲಿ ಗಾಂಧೀಜಿಯವರು ಅಲ್ಲಿಯ ಡಾರ್ವೆನ್ ಎಂಬ ಊರಿಗೇ ಹೋಗಿ ಕೆಲಸ ಕಳೆದುಕೊಂಡ ನೇಕಾರರನ್ನು ಕಂಡು ಬಂದರು. ಅಂತಹ ಕಾಲದಲ್ಲಿ ಶನಿವಾರದ ಟಿಕೇಟಿಗೆ ಕಾಸು ಕೂಡಿಸುವುದೇ ಕಷ್ಟವಾಗಿದ್ದವರು ಅದನ್ನು ಕೊಡಲೊಲ್ಲೆವೆಂದು ಎದ್ದರು. ಬಡವನು ಬಿಡಬಹುದಾದ ಸುಖ ಎಷ್ಟಿರುತ್ತದೆ? ಇದ್ದ ಒಂದನ್ನು ಬಿಡಲು ಅವರು ಸಿದ್ಧರಾದರು.

ಆದರೂ ಮರುದಿನ 23,406 ಮಂದಿ ಬಂದರು. ಬಹಿಷ್ಕಾರ ಸಫಲವಾಯಿತೆಂದು ಹೇಳುವಂತಿಲ್ಲ. ಎದುರು ತಂಡವೇ ಅಂತಹುದು. ಅರ್ಸೆನಲ್ ಹಿಂದಿನ ವಸಂತದಲ್ಲಿ ಎಫ್.ಎ. ಕಪ್ಪನ್ನು ಗೆದ್ದಿತ್ತು, ಆ ಋತುವಿನಲ್ಲಿ ಲೀಗನ್ನೂ ಗೆಲ್ಲಲಿತ್ತು. ಅದರ ಮ್ಯಾನೇಜರ್ ಹರ್ಬರ್ಟ್ ಚಾಪ್ಮನ್. ಹ್ಯೂಡರ್ಸ್‌ಫೀಲ್ಡಿಗೆ 1924ರಲ್ಲಿಯೂ 1925ರಲ್ಲಿಯೂ ಲೀಗು ಗೆದ್ದುಕೊಟ್ಟು ಲಂಡನ್ನಿಗೆ ಹೋದ ಈತನೇ ಮ್ಯಾನೇಜರನೆಂಬವನು ಏನೆಲ್ಲ ಮಾಡಬಲ್ಲನೆಂಬುದನ್ನು ಇಂಗ್ಲೆಂಡಿಗೆ ತೋರಿಸಿದವನು. ಓಲ್ಡ್ ಟ್ರಾಫರ್ಡಿನ ಜನ ಹೊಸ ಮ್ಯಾನೇಜರ್ ಬೇಕೆಂದು ಕೇಳಿದಾಗ ಅವರ ಕಣ್ಣಮುಂದೆ ಇದ್ದುದು ಇಂತಹ ಮನುಷ್ಯನ ಮಾದರಿಯೇ ಇರಬೇಕು. ಅರ್ಸೆನಲ್ 2-1ರಿಂದ ಗೆದ್ದಿತು.

ಮೊದಲ ಗೆಲವು ಬಂದುದು ನವೆಂಬರ್ 1ರಂದು, ಬರ್ಮಿಂಗಮ್ಮಿನ ವಿರುದ್ಧ. ಬಾಮ್ಲೆಟ್ಟನು ಋತು ಮುಗಿಯುವ ಮೊದಲೇ, ಏಪ್ರಿಲ್ ತಿಂಗಳಿನಲ್ಲಿ ನಿರ್ಗಮಿಸಿದನು. 42 ಪಂದ್ಯಗಳಲ್ಲಿ 115 ಗೋಲುಗಳನ್ನು ಕೊಟ್ಟು ಕ್ಲಬ್ಬು ಕಟ್ಟಕಡೆಯ ಸ್ಥಾನದಲ್ಲಿ ನಿಂತು ಎರಡನೆಯ ದರ್ಜೆಗೆ ಇಳಿಯಿತು. ಮೇ 2ರ ಕಡೆಯ ಪಂದ್ಯಕ್ಕೆ ಆ ವಿಶಾಲವಾದ ಮೈದಾನಕ್ಕೆ ಬಂದವರು 3,969 ಜನ. ಪುರಭವನದಲ್ಲಿ ನಿರ್ಣಯ ಮಾಡಿ ಮಾಡಲಾರದೆ ಹೋದ ಬಹಿಷ್ಕಾರವು ನಿರ್ಣಯವಿಲ್ಲದೆಯೇ ನಡೆದುಹೋಯಿತು. ಈ ಕಡೆಯ ಸಂಖ್ಯೆಯನ್ನು ಕಂಡಾಗಲೆಲ್ಲ ನಮಗೆ ವ್ಯಥೆಯಾಗುತ್ತದೆ. ಕೂಗಾಡುವ ಅಭಿಮಾನಿಯಿಂದ ಕ್ಲಬ್ಬಿಗೆ ಅಪಾಯವಿಲ್ಲ. ಕೂಗುವುದನ್ನು ಬಿಟ್ಟು ಮನೆಯಲ್ಲುಳಿದವನನ್ನು ಮರಳಿ ಕರೆತರುವುದು ಕಷ್ಟ.

ಮ್ಯಾನೇಜರನು ಹೋದರೂ ಹೊಸಬನನ್ನು ತರಲು ಹಣವಿರಲಿಲ್ಲ. ಕ್ಲಬ್ಬಿನ ಕಾರ್ಯದರ್ಶಿ ವಾಲ್ಟರ್ ಕ್ರಿಕ್ಮರನೇ ತಂಡವನ್ನೂ ನೋಡಿಕೊಳ್ಳತೊಡಗಿದನು. 1931ರ ಕ್ರಿಸ್ಮಸ್ ಹೊತ್ತಿಗೆ ಆಟಗಾರರ ಸಂಬಳಕ್ಕೂ ಗತಿಯಿಲ್ಲವಾಗಿ, ಬೇಂಕು ಕೈ ತೊಳೆದುಕೊಂಡಾಗ, ಸಮವಸ್ತ್ರಗಳನ್ನು ತಯಾರಿಸುವ ಜೇಮ್ಸ್ ಗಿಬ್ಸನ್ ಎಂಬ ವ್ಯಾಪಾರಿ 2,000 ಪವುಂಡುಗಳನ್ನು ಕೊಟ್ಟು ಆ ತಿಂಗಳನ್ನು ದಾಟಿಸಿದನು. ಬಳಿಕ ತಾನೇ ಅಧ್ಯಕ್ಷನಾದನು. ಮಂಡಲಿ ಬದಲಾಯಿತು. 1934ರಲ್ಲಿ ಕಡೆಯ ಪಂದ್ಯವನ್ನು ಮಿಲ್ವಾಲ್ ವಿರುದ್ಧ ಗೆದ್ದುದರಿಂದ ಮೂರನೆಯ ದರ್ಜೆಗೆ ಬೀಳುವುದು ತಪ್ಪಿತು. 1938ರಲ್ಲಿ ಗಿಬ್ಸನ್ನನೂ ಕ್ರಿಕ್ಮರನೂ ಕೂಡಿ ಎಳೆಯರ ತಂಡವನ್ನು ಕಟ್ಟಿ, ಊರಿನ ಹುಡುಗರನ್ನು ತಾವೇ ಬೆಳೆಸುವ ಏರ್ಪಾಡು ಮಾಡಿದರು. ಗ್ರೀನ್‌ಹಫನ ಐದು ಬೇಡಿಕೆಗಳನ್ನು ಮತ್ತೊಮ್ಮೆ ನೋಡಿರಿ. ಹೊಸ ಹಣ, ಹೊಸ ಮಂಡಲಿ, ಹೊಸ ಪ್ರತಿಭೆಗಳ ಶೋಧ: ಎಲ್ಲವೂ ಎಂಟು ವರ್ಷಗಳೊಳಗೆ ಬೇರೆ ಕೈಗಳಿಂದ, ಬೇರೆ ಹೆಸರಿನಲ್ಲಿ ನೆರವೇರಿದುವು. ಅವರು ಕೇಳಿದ್ದ ಪಾಲುದಾರರ ಚುನಾವಣೆ ಮಾತ್ರ ಬರಲಿಲ್ಲ. ಅನೇಕರ ಪಾಲಿಗೆ ಬದಲಾಗಿ ಒಬ್ಬನ ಔದಾರ್ಯ ಬಂದಿತು. ಕ್ಲಬ್ಬಿಗೆ ಹಳೆಯ ಕೀರ್ತಿಯನ್ನು ಮರಳಿಸಿದ ಮ್ಯಾನೇಜರನು ಎಲ್ಲಕ್ಕೂ ಕೊನೆಗೆ, 1945ರಲ್ಲಿ ಬಂದನು. ಅವನ ಹೆಸರು ಮ್ಯಾಟ್ ಬಸ್ಬಿ.

ಬಸ್ಬಿಯ ಕತೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅದನ್ನು ಬೇರೆಯವರು ಚೆನ್ನಾಗಿ ಹೇಳಿದ್ದಾರೆ. ತಂಡವನ್ನು ಆರಿಸುವ ಪೂರ್ಣಾಧಿಕಾರವನ್ನೂ ಐದು ವರ್ಷಗಳ ಅವಧಿಯನ್ನೂ ಕೇಳಿ ಪಡೆದೇ ಅವನು ಕೆಲಸಕ್ಕೆ ಕೈ ಹಾಕಿದನು. 1952ರಲ್ಲಿ ಲೀಗು, 1958ರ ಫೆಬ್ರವರಿ 6ರಂದು ಮ್ಯೂನಿಕ್ಕಿನ ವಿಮಾನಾಪಘಾತ, ಅದರಲ್ಲಿ ಎಂಟು ಮಂದಿ ಆಟಗಾರರೂ ಸೇರಿ 23 ಜನರ ಮರಣ (ಕ್ರಿಕ್ಮರನೂ ಅವರಲ್ಲೊಬ್ಬ), ಹತ್ತು ವರ್ಷಗಳ ತರುವಾಯ ಯೂರೋಪಿನ ಕಪ್ಪು. ಅವನು ಇಳಿದ ಮೇಲೆ ಹದಿನೇಳು ವರ್ಷಗಳಲ್ಲಿ ಐವರು ಬಂದು ಹೋದರು. ಇವರಲ್ಲಿ ಡೇವ್ ಸೆಕ್ಸ್‌ಟನ್ನನ ಸಂಗತಿ ವಿಚಿತ್ರ: 1981ರಲ್ಲಿ ಲೀಗಿನ ಕಡೆಯ ಏಳು ಪಂದ್ಯಗಳನ್ನೂ ಗೆದ್ದ ಬೆನ್ನಿಗೇ ಅವನನ್ನು ತೆಗೆದರು. ಮನಸ್ಸಿಗೆ ಹಿಡಿಸದ ಆಟಕ್ಕೆ ಗೆಲವೂ ರಕ್ಷೆಯಲ್ಲವೆಂದಾಯಿತು. ಅವನ ತರುವಾಯ ಬಂದ ರಾನ್ ಅಟ್ಕಿನ್ಸನ್ನನು ಎರಡು ಬಾರಿ ಎಫ್.ಎ. ಕಪ್ಪನ್ನು ಗೆದ್ದರೂ ಲೀಗು ದೊರೆಯಲಿಲ್ಲ. 1986ರ ನವೆಂಬರ್ 6ರಂದು, ತಂಡವು ಪಟ್ಟಿಯ ಕೆಳಗಿನಿಂದ ಎರಡನೆಯದಾಗಿದ್ದಾಗ, ಅವನ ಸ್ಥಾನಕ್ಕೆ ಸ್ಕಾಟ್ಲೆಂಡಿನಿಂದ ಅಲೆಕ್ಸ್ ಫರ್ಗ್ಯುಸನ್ ಬಂದನು.

ಗ್ಲಾಸ್ಗೋವಿನ ಹಡಗುಕಟ್ಟೆಯ ಕೇರಿಯಲ್ಲಿ ಹುಟ್ಟಿದ ಈತನು ಅಬರ್ಡೀನ್ ತಂಡಕ್ಕೆ ಸ್ಕಾಟ್ಲೆಂಡಿನ ಲೀಗನ್ನು ಮೂರು ಸಲ ಗೆದ್ದುಕೊಟ್ಟಿದ್ದನು. 1983ರಲ್ಲಿ ರಿಯಲ್ ಮ್ಯಾಡ್ರಿಡ್ಡನ್ನು ಸೋಲಿಸಿ ಯೂರೋಪಿನ ಕಪ್ ವಿಜೇತರ ಕಪ್ಪನ್ನೂ ತಂದಿದ್ದನು. ಮ್ಯಾಂಚೆಸ್ಟರಿನಲ್ಲಿ ಮೊದಲ ಋತುವಿಗೆ 11ನೆಯ ಸ್ಥಾನ, ಎರಡನೆಯದಕ್ಕೆ 2ನೆಯದು, ಮೂರನೆಯದಕ್ಕೆ ಪುನಃ 11. ಆ ಬೇಸಗೆಯಲ್ಲಿ ಪಾಲ್ ಮಗ್ರಾ, ನಾರ್ಮನ್ ವೈಟ್‌ಸೈಡ್ ಎಂಬ ಇಬ್ಬರನ್ನು ಮಾರಿದನು. ಇವರಿಬ್ಬರೂ ಪ್ರೇಕ್ಷಕರ ಕಣ್ಮಣಿಗಳು. ಮದ್ಯದ ಚಟವೂ ಮತ್ತೆ ಮತ್ತೆ ತಾಗುವ ಗಾಯಗಳೂ ಕಾರಣವೆಂದು ಮ್ಯಾನೇಜರನ ಸಮಾಧಾನ. ಬದಲಿಗೆ ಆ ವರ್ಷದಲ್ಲೇ ಐವರನ್ನು ಕೊಂಡನು. ಅವರಲ್ಲಿ ಗ್ಯಾರಿ ಪ್ಯಾಲಿಸ್ಟರನೊಬ್ಬನಿಗೇ 23 ಲಕ್ಷ ಪವುಂಡು.

ಆ ಆಗಸ್ಟಿನಲ್ಲಿ ನಡೆದುದು ನಾಟಕದ ಹಾಸ್ಯಾಂಕದಂತಿತ್ತು. ಕ್ಲಬ್ಬಿನ ಅಧ್ಯಕ್ಷ ಮಾರ್ಟಿನ್ ಎಡ್ವರ್ಡ್ಸನು ತನ್ನ ಪಾಲುಗಳನ್ನು ಮೈಕಲ್ ನೈಟನ್ ಎಂಬವನಿಗೆ ಮಾರಲು ಒಪ್ಪಿದ್ದನು. ಋತುವಿನ ಮೊದಲ ಪಂದ್ಯಕ್ಕೆ ಮುನ್ನ ಈ ನೈಟನ್ನನು ಆಟಗಾರನ ಉಡುಪು ತೊಟ್ಟು ಮೈದಾನಕ್ಕೆ ಬಂದು, ಚೆಂಡನ್ನು ಕಾಲಲ್ಲಿಯೂ ತಲೆಯಲ್ಲಿಯೂ ಕುಣಿಸಿ, ಗೋಲಿನ ಬಲೆಗೆ ಒದ್ದು, ಕೈ ಬೀಸಿದನು. ಜನ ಕೇಕೆ ಹಾಕಿದರು; ತಂಡವೂ ಅರ್ಸೆನಲ್ಲನ್ನು 4-1ರಿಂದ ಸೋಲಿಸಿತು. ಕೆಲವೇ ವಾರಗಳಲ್ಲಿ ಆ ಮಾರಾಟ ಮುರಿದುಬಿತ್ತು. ಕ್ಲಬ್ಬೇ ಕೈ ಬದಲಾಯಿಸಲಿದ್ದ ಆ ವಿಷಯದಲ್ಲಿ ಗೇಟಿನಲ್ಲಿ ಹಣ ಕೊಡುವವನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳಬೇಕೆಂಬ ನಿಯಮವೂ ಇರಲಿಲ್ಲ.

ಸೆಪ್ಟೆಂಬರ್ 23ರಂದು ಅದೇ ಊರಿನ ಎದುರಾಳಿ, ಅದೇ ವರ್ಷ ಕೆಳದರ್ಜೆಯಿಂದ ಮೇಲೆ ಬಂದಿದ್ದ ಮ್ಯಾಂಚೆಸ್ಟರ್ ಸಿಟಿ, 5-1ರಿಂದ ಸೋಲಿಸಿತು. ಆ ದಿನ ಮನೆಗೆ ಹೋಗಿ ದಿಂಬಿನಡಿ ತಲೆ ಹುದುಗಿಸಿ ಮಲಗಿದೆನೆಂದು ಫರ್ಗ್ಯುಸನ್ನನೇ ಮುಂದೆ ಹೇಳಿಕೊಂಡಿದ್ದಾನೆ. ನವೆಂಬರ್ 18ರ ಒಂದು ಗೆಲವಿನ ಅನಂತರ ಲೀಗಿನಲ್ಲಿ ಹನ್ನೊಂದು ಪಂದ್ಯಗಳು ಗೆಲವಿಲ್ಲದೆ ಕಳೆದುವು. ಡಿಸೆಂಬರ್ 9ರಂದು ಓಲ್ಡ್ ಟ್ರಾಫರ್ಡಿಗೆ ಬಂದ ಕ್ರಿಸ್ಟಲ್ ಪ್ಯಾಲೇಸ್, ಸೆಪ್ಟೆಂಬರಿನಲ್ಲಿ ಲಿವರ್‌ಪೂಲಿನೆದುರು ಒಂಬತ್ತು ಗೋಲುಗಳಿಂದ ಸೋತಿದ್ದ ತಂಡ. ಅದು 2-1ರಿಂದ ಗೆದ್ದಿತು. ಆ ದಿನ ಪ್ರೇಕ್ಷಕರ ನಡುವೆ ಒಂದು ಹಾಸಿಗೆಯ ಚಾದರ ಮೇಲೆದ್ದಿತು. ಮೂರು ವರ್ಷಗಳಿಂದ ನೆಪಗಳೇ, ಆಟ ಇನ್ನೂ ಹೊಲಸೇ, ಹೋಗಿ ಬಾ ಫರ್ಗಿ, ಎಂಬ ತಾತ್ಪರ್ಯದ ಮಾತುಗಳು ಅದರ ಮೇಲಿದ್ದುವು. ಚಾದರ ಹಿಡಿದವನು ಅನೇಕ ವರ್ಷಗಳ ಮೇಲೆ ಆ ಕಡೆಯ ಮಾತನ್ನೇ ಹೆಸರಾಗಿಟ್ಟು ಒಂದು ಪುಸ್ತಕವನ್ನೂ ಬರೆದನು.

ವಾದ ಎರಡೂ ಕಡೆಯಿಂದ ಬಲವಾಗಿಯೇ ಇತ್ತು. ಆ ಕಾಲದಲ್ಲಿ ಅಭಿಮಾನಿಗಳು ತಾವೇ ಬರೆದು, ತಾವೇ ಹೊರತಂದು, ಮೈದಾನದ ಹೊರಗೆ ನಿಂತು ಮಾರುವ ಪುಟ್ಟ ಪತ್ರಿಕೆಗಳು ಇಂಗ್ಲೆಂಡಿನಲ್ಲೆಲ್ಲ ಹುಟ್ಟಿಕೊಂಡಿದ್ದುವು. ಯುನೈಟೆಡ್ಡಿನವರದೇ ಆದ 'ರೆಡ್ ನ್ಯೂಸ್' 1987ರಲ್ಲಿಯೂ 'ಯುನೈಟೆಡ್ ವಿ ಸ್ಟ್ಯಾಂಡ್' 1989ರಲ್ಲಿಯೂ ಹೊರಟುವು. ವಾಚಕರು ಕೈಯಲ್ಲಿ ಹಿಡಿದಿರುವ ಈ ಪತ್ರಿಕೆಗೆ ಅವು ದೂರದ ದಾಯಾದಿಗಳೆಂದರೆ ತಪ್ಪಾಗದು. ಇಳಿಸಬೇಕೆನ್ನುವವರ ಬಳಿ ಲೆಕ್ಕವಿತ್ತು: ಇಷ್ಟು ಲಕ್ಷ ಸುರಿದೂ ಪಟ್ಟಿಯಲ್ಲಿ ಈ ಸ್ಥಾನ; ಮಾರಿದ ಮಗ್ರಾನ ಹೊಸ ತಂಡ ಆಸ್ಟನ್ ವಿಲ್ಲಾ ಕ್ರಿಸ್ಮಸಿನ ಮರುದಿನ 3-0ರಿಂದ ಸೋಲಿಸಿತು; ಲೀಗು ಕೈಗೆ ಬಂದು 22 ವರ್ಷ. ಇರಲಿ ಎನ್ನುವವರ ಬಳಿ ನೆನಪಿತ್ತು: ಬಸ್ಬಿಗೂ ಮೊದಲ ಲೀಗಿಗೆ ಏಳು ವರ್ಷ ಹಿಡಿಯಿತು; ಐವರನ್ನು ಇಳಿಸಿ ಕಂಡದ್ದೇನು? ನಮಗೆ ಕೇಳಿದರೆ, ಆ ಡಿಸೆಂಬರಿನಲ್ಲಿ ಓಲ್ಡ್ ಟ್ರಾಫರ್ಡಿನಲ್ಲಿ ನಿಂತಿದ್ದರೆ ನಾವೂ ಚಾದರದ ಒಂದು ತುದಿಯನ್ನು ಹಿಡಿಯುತ್ತಿದ್ದೆವೋ ಏನೋ.

ಏಕೆಂದರೆ ಚಾದರ ಹಿಡಿದವನಿಗೆ ಕಾಣದ ಒಂದು ಕೆಲಸ ಬೇರೆಡೆ ನಡೆಯುತ್ತಿತ್ತು. ಫರ್ಗ್ಯುಸನ್ನನು ಬಂದ ಮೊದಲಿನಿಂದಲೂ ಊರೂರಿನ ಹುಡುಗರನ್ನು ಹುಡುಕುವವರ ಪಡೆಯನ್ನು ಬೆಳೆಸಿದನು. ಸಿಟಿಯ ಎಳೆಯರ ಶಾಲೆಯಲ್ಲಿ ಆಡುತ್ತಿದ್ದ ಒಬ್ಬ ಹುಡುಗನ ಮನೆಗೆ, 1987ರ ನವೆಂಬರ್ 29ರಂದು, ಅವನಿಗೆ ಹದಿನಾಲ್ಕು ತುಂಬಿದ ದಿನ, ತಾನೇ ಹೋಗಿ ಒಪ್ಪಿಸಿದನು. ಅವನೇ ಮುಂದಿನ ರಯನ್ ಗಿಗ್ಸ್. ಇದು ಶನಿವಾರದ ಪ್ರೇಕ್ಷಕನಿಗೆ ಕಾಣುವುದಲ್ಲ. ಮಂಡಲಿಯಲ್ಲಿದ್ದ ಬಾಬಿ ಚಾರ್ಲ್ಟನ್ನನಿಗೂ ಗೌರವಾಧ್ಯಕ್ಷನಾಗಿದ್ದ ಮುದುಕ ಬಸ್ಬಿಗೂ ಕಾಣುತ್ತಿತ್ತು. ಅವನನ್ನು ತೆಗೆಯುವ ಯೋಚನೆಯನ್ನು ತಾವು ಮಾಡಿರಲಿಲ್ಲವೆಂದು ಎಡ್ವರ್ಡ್ಸನು ಮುಂದೆ ಹಲವು ಸಲ ಹೇಳಿದ್ದಾನೆ.

ಒಂದು ಗೋಲು ಫರ್ಗ್ಯುಸನ್ನನನ್ನು ಉಳಿಸಿತೆಂಬ ಐತಿಹ್ಯ ಪ್ರಸಿದ್ಧವಾಗಿದೆ. 1990ರ ಜನವರಿ 7ರಂದು ಎಫ್.ಎ. ಕಪ್ಪಿನ ಮೂರನೆಯ ಸುತ್ತಿನಲ್ಲಿ ನಾಟಿಂಗಮ್ ಫಾರೆಸ್ಟ್ ವಿರುದ್ಧ, ಇಪ್ಪತ್ತು ವರ್ಷದ ಮಾರ್ಕ್ ರಾಬಿನ್ಸನು ಹೊಡೆದ ಗೋಲು ಅದು. ಕತೆ ಸೊಗಸಾಗಿದೆ. ಆದರೆ ಅದರ ಮುಂದಿನ ವಾರವೇ ತಂಡವು ಸ್ವಂತ ಮೈದಾನದಲ್ಲಿ ಡರ್ಬಿಗೆ ಸೋತಿತು. ಅದರ ಮುಂದಿನ ವಾರ ನಾರ್ವಿಚ್ಚಿಗೆ ಸೋತಿತು. ಲೀಗಿನಲ್ಲಿ ಗೆಲವು ಕಾಣಲು ಫೆಬ್ರವರಿ 10ರ ತನಕ ಕಾಯಬೇಕಾಯಿತು. ಒಂದು ಗೋಲಿನಿಂದ ಉಳಿಯುವವನು ಆ ಎರಡು ಸೋಲುಗಳಿಂದ ಹೋಗಬೇಕಾಗಿತ್ತಲ್ಲವೆ? ನಾವು ತಿಳಿದಿರುವ ಮಟ್ಟಿಗೆ ಅವನನ್ನು ಉಳಿಸಿದುದು ಮಂಡಲಿಯ ತಾಳ್ಮೆ. ಆ ತಾಳ್ಮೆ ಸರಿಯೆಂದು ಜನರಿಗೆ ತೋರಿಸಿಕೊಟ್ಟುದು ಮಾತ್ರ ಕಪ್ಪು. ಆ ಕಪ್ಪಿನ ದಾರಿಯಲ್ಲಿ ಒಂದು ಪಂದ್ಯವೂ ಸ್ವಂತ ಮೈದಾನದಲ್ಲಿರಲಿಲ್ಲ. ಅಂತಿಮ ಪಂದ್ಯದಲ್ಲಿ ಎದುರಾದುದು, ವಿಧಿಯ ವಿನೋದವೆಂಬಂತೆ, ಆ ಚಾದರದ ದಿನದ ಕ್ರಿಸ್ಟಲ್ ಪ್ಯಾಲೇಸ್. ಮೊದಲ ದಿನ 3-3ರ ಸಮಸಮ. ಮೇ 17ರ ಮರುಪಂದ್ಯದಲ್ಲಿ ಲೀ ಮಾರ್ಟಿನ್ನನ ಒಂದೇ ಗೋಲು. ರಾಬಿನ್ಸನೂ ಮಾರ್ಟಿನ್ನನೂ ಲಕ್ಷಗಳನ್ನು ಕೊಟ್ಟು ತಂದವರಲ್ಲ, ಕ್ಲಬ್ಬಿನ ಎಳೆಯರ ತಂಡದಿಂದಲೇ ಬೆಳೆದು ಬಂದವರು.

ಮುಂದಿನದು ಎಲ್ಲರೂ ಬಲ್ಲ ಕತೆ. 1993ರಲ್ಲಿ 26 ವರ್ಷಗಳ ತರುವಾಯ ಲೀಗು. 1999ರಲ್ಲಿ ಒಂದೇ ಋತುವಿನಲ್ಲಿ ಮೂರು ಕಿರೀಟಗಳು. 2013ರಲ್ಲಿ ನಿವೃತ್ತಿಯಾಗುವಾಗ ಅವನ ಹೆಸರಿಗೆ 13 ಲೀಗುಗಳು. ಈ ಯಶಸ್ಸಿನಿಂದ ಒಂದು ಅನರ್ಥವೂ ಆಯಿತು. ಅಂದಿನಿಂದ ಜಗತ್ತಿನ ಯಾವ ಮೂಲೆಯಲ್ಲಿ ಯಾವ ಕ್ಲಬ್ಬು ಸೋತರೂ, ಮ್ಯಾನೇಜರನು ಎಂತಹ ನಿರುಪಯೋಗಿಯಾದರೂ, "1989ನ್ನು ನೆನೆಯಿರಿ" ಎಂದು ಬಾಯಿ ಮುಚ್ಚಿಸುವ ಒಂದು ಅಸ್ತ್ರ ಸಿಕ್ಕಿತು. 1930ನ್ನು ನೆನೆಯಿರೆಂದು ಯಾರೂ ಹೇಳುವುದಿಲ್ಲ. ಆದರೆ ಆ ವರ್ಷ ಜನರ ನಿದಾನವೇ ಸರಿಯಾಗಿತ್ತು, ಮಂಡಲಿಯ ಹಟ ಕ್ಲಬ್ಬನ್ನು ಮುಳುಗಿಸಿತ್ತು. 1930ರ ಜನ ಐದನ್ನು ಕೇಳಿದರು. ಅವುಗಳಲ್ಲಿ ನಾಲ್ಕು ಮ್ಯಾನೇಜರನ ತಲೆಯ ಮೇಲಿನಿಂದ ಹಾದು ಮಾಲಿಕರನ್ನು ಮುಟ್ಟುತ್ತಿದ್ದುವು. 1989ರ ಚಾದರದ ಮೇಲೆ ಒಂದೇ ಹೆಸರಿಗೆ ಸ್ಥಳವಿತ್ತು. ಕ್ಲಬ್ಬನ್ನು ಮಾರಲು ಹೊರಟವನ ಹೆಸರು ಅದರಲ್ಲಿರಲಿಲ್ಲ.

ಫರ್ಗ್ಯುಸನ್ನನು 2013ರ ಮೇ ತಿಂಗಳಲ್ಲಿ ಓಲ್ಡ್ ಟ್ರಾಫರ್ಡಿನಲ್ಲಿ ಬೀಳ್ಕೊಡುವಾಗ, ತನ್ನ ಕೆಟ್ಟ ದಿನಗಳಲ್ಲಿ ಕ್ಲಬ್ಬು ತನ್ನೊಡನೆ ನಿಂತಿತ್ತು, ಹೊಸ ಮ್ಯಾನೇಜರನೊಡನೆ ನಿಲ್ಲುವುದು ಇನ್ನು ನಿಮ್ಮ ಕೆಲಸವೆಂದು ಜನರಿಗೆ ಹೇಳಿದನು. ಜನ ಬಹುಮಟ್ಟಿಗೆ ನಿಂತರು. ಹೊಸಬನಾದ ಡೇವಿಡ್ ಮಾಯ್ಸನನ್ನು ಇಳಿಸಿರೆಂಬ ಪತಾಕೆಯನ್ನು ಕೆಲವರು 2014ರ ಮಾರ್ಚ್ 29ರಂದು ವಿಮಾನಕ್ಕೆ ಕಟ್ಟಿ ಹಾರಿಸಿದಾಗ ಮೈದಾನದಲ್ಲಿದ್ದವರು ಅದನ್ನೇ ಹೀಯಾಳಿಸಿದರು. ಆದರೆ ಏಪ್ರಿಲ್ 20ರ ಸೋಲಿನೊಂದಿಗೆ ಯೂರೋಪಿನ ಚಾಂಪಿಯನ್ಸ್ ಲೀಗಿಗೆ ಸೇರುವ ಆಸೆ ಲೆಕ್ಕದಲ್ಲಿಯೂ ಮುಗಿಯಿತು. ಎರಡು ದಿನಗಳಲ್ಲಿ, ಆರು ವರ್ಷಗಳ ಕರಾರಿನ ಮೊದಲನೆಯ ವರ್ಷದಲ್ಲೇ, ಮಂಡಲಿಯು ಅವನನ್ನು ಕಳುಹಿಸಿತು. ಈ ಸಲ ತಾಳ್ಮೆ ಜನರ ಕಡೆಗಿತ್ತು, ಆತುರ ಮಾಲಿಕರ ಕಡೆಗೆ. ಅಲ್ಲಿಂದ 2024ರ ತನಕ ಇನ್ನೂ ನಾಲ್ವರು ಕಾಯಂ ಮ್ಯಾನೇಜರರು ಅದೇ ಬಾಗಿಲಿನಿಂದ ಹೊರಬಿದ್ದರು.

ಆದರೆ ಅದೇ ಅಭಿಮಾನಿಗಳಲ್ಲಿ ಒಂದು ಭಾಗ ಅಷ್ಟರಲ್ಲಿ ಆ ಗೇಟುಗಳನ್ನು ತೊರೆದು ಹೋಗಿತ್ತು. 2005ರಲ್ಲಿ ಅಮೆರಿಕದ ಗ್ಲೇಸರ್ ಕುಟುಂಬವು ಬಹುಪಾಲು ಸಾಲದ ಹಣದಿಂದ ಕ್ಲಬ್ಬನ್ನು ಕೊಂಡು, ಆ ಸಾಲದ ಭಾರವನ್ನು ಕ್ಲಬ್ಬಿನ ಮೇಲೆಯೇ ಹೊರಿಸಿದಾಗ, ಇವರು ಬೇರೆಯೇ ಒಂದು ಕ್ಲಬ್ಬನ್ನು ಕಟ್ಟಿದರು, ಎಫ್.ಸಿ. ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಎಂದು ಅದರ ಹೆಸರು. ಅಲ್ಲಿ ಎಷ್ಟೇ ಹಣ ಕೊಟ್ಟವನಿಗೂ ಒಂದೇ ಮತ. ಮಂಡಲಿಯನ್ನು ಸದಸ್ಯರೇ ಚುನಾಯಿಸುತ್ತಾರೆ. ಹ್ಯೂಮ್ ಪುರಭವನದಲ್ಲಿ 1930ರಲ್ಲಿ ಕೇಳಿ ಸಿಗದೆ ಹೋದ ನಾಲ್ಕನೆಯ ಬೇಡಿಕೆ 75 ವರ್ಷಗಳ ಮೇಲೆ, ಇನ್ನೊಂದು ಹೆಸರಿನ ಕೆಳಗೆ, ಹೀಗೆ ಕೈಗೂಡಿತು. ಕಾರ್ಲ್ ಮಾರ್ಜಿನ್ಸನ್ ಎಂಬ ಮಾಜಿ ಆಟಗಾರನನ್ನು ಮ್ಯಾನೇಜರನಾಗಿ ನೇಮಿಸಿಕೊಂಡರು. ತೀರ ಕೆಳಗಿನ ದರ್ಜೆಯೊಂದರಿಂದ ಆರಂಭಿಸಿ ಮೊದಲ ಮೂರು ಋತುಗಳಲ್ಲಿ ಮೂರು ಮೆಟ್ಟಿಲು ಏರಿದರು. ವರ್ಷಗಳ ಕಾಲ ಬರಿ ಎಂಬ ನೆರೆಯೂರಿನ ಮೈದಾನದಲ್ಲಿ ಬಾಡಿಗೆಗೆ ಆಡಿ, 2015ರಲ್ಲಿ ತಮ್ಮದೇ ಮೈದಾನವನ್ನು ತೆರೆದರು.

ತರುವಾಯ ಆಟ ಕುಗ್ಗಿತು. ಈಗ ದೂರು ಹೇಳಲು ಮೇಲಿನ ಮಾಲಿಕರಿರಲಿಲ್ಲ. ಗ್ಯಾಲರಿಯಲ್ಲಿ ನಿಂತವರೇ ಮಾಲಿಕರು. ಹನ್ನೆರಡು ವರ್ಷ ತಮ್ಮೊಡನಿದ್ದವನನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂಬ ಪ್ರಶ್ನೆ ಅವರ ಮುಂದೆಯೂ ಬಂದು ನಿಂತಿತು. 2017ರ ಅಕ್ಟೋಬರಿನಲ್ಲಿ ಮಾರ್ಜಿನ್ಸನ್ನನು ಹುದ್ದೆಯನ್ನು ಬಿಟ್ಟನು. ಪರಸ್ಪರ ಒಪ್ಪಿಗೆಯಿಂದ ಎಂದು ಕ್ಲಬ್ಬು ತಿಳಿಸಿತು. ತಂಡದ ಆಟಗಾರ ಟಾಮ್ ಗ್ರೀವ್ಸನು ತಾತ್ಕಾಲಿಕವಾಗಿ ಆ ಸ್ಥಾನದಲ್ಲಿ ನಿಂತನು.